ಮೊಳಕೆ ಎಷ್ಟು ದೂರ ಬಂತು? ಕಿಣ್ವವನ್ನೇ ಕೇಳೋಣ

ಮೊಳಕೆ ರಾಗಿ ಹಿಟ್ಟಿನ ಗಂಜಿ ಮಾಮೂಲಿ ರಾಗಿ ಗಂಜಿಗಿಂತ ತೆಳ್ಳಗಿರುತ್ತೆ, ಸ್ವಲ್ಪ ಸಿಹಿಯೂ ಇರುತ್ತೆ. ಹಿಟ್ಟು ಅಷ್ಟೇ, ನೀರೂ ಅಷ್ಟೇ. ಮತ್ತೆ ವ್ಯತ್ಯಾಸ ಎಲ್ಲಿಂದ ಬಂತು? ಕಿಣ್ವದಿಂದ, ಅಂದರೆ ನಾವು ಎಂಜೈಮ್ ಅಂತ ಓದಿದ್ದೇವಲ್ಲ, ಅದರಿಂದ.

ಕಾಳಿನ ತುಂಬಾ ಪಿಷ್ಟ ಇರುತ್ತದೆ. ಅದು ಗ್ಲೂಕೋಸ್‌ನ ಉದ್ದನೆಯ ಸರಪಳಿ. ಕತ್ತರಿಸಿದರೆ ಮಾತ್ರ ಮೊಳಕೆಗೆ ಊಟ. ಆ ಕತ್ತರಿಯೇ ಆಲ್ಫಾ ಅಮೈಲೇಸ್. ಇದು ಕೆಲಸ ಶುರುಮಾಡುವ ಬಗೆ ಬಾರ್ಲಿಯಲ್ಲಿ ಚೆನ್ನಾಗಿ ತಿಳಿದಿದೆ. ಕಾಳು ನೀರು ಹೀರಿದ ಮೇಲೆ ಭ್ರೂಣವು ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಕಳಿಸುತ್ತದೆ. ಪಿಷ್ಟದ ಸುತ್ತಲಿನ ಅಲ್ಯುರೋನ್ ಪದರ ಆ ಸಂದೇಶ ಸಿಕ್ಕಿದ ಮೇಲೆ ಕಿಣ್ವವನ್ನು ಹೊಸದಾಗಿ ತಯಾರಿಸಿ ಒಳಗೆ ಬಿಡುತ್ತದೆ. 1960ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ಯಾಲೆಗ್, ಜಪಾನಿನಲ್ಲಿ ಯೋಮೊ ಬೇರೆ ಬೇರೆಯಾಗಿ ಇದನ್ನು ತೋರಿಸಿದರು: ಭ್ರೂಣ ತೆಗೆದ ಕಾಳಿಗೂ ಗಿಬ್ಬರೆಲಿನ್ ಕೊಟ್ಟರೆ ಪಿಷ್ಟ ಕರಗುತ್ತದೆ.

ಹಾಗಾಗಿ ಈ ಕಿಣ್ವದ ಚಟುವಟಿಕೆ ಒಂದು ಸೂಚಕ. ಹೊರಗೆ ಬೇರು ಕಾಣುವುದಕ್ಕಿಂತ ಹೆಚ್ಚಿನ ಸುದ್ದಿ, ಅಂದರೆ ಒಳಗಿನ ಅಂಗಾಂಶ ಯಾವ ಹಂತದಲ್ಲಿದೆ ಅನ್ನೋದನ್ನ, ಇದು ಹೇಳುತ್ತೆ.

ಅಳೆಯೋದು ಕಷ್ಟವಲ್ಲ. ಒಣ ರಾಗಿ, ಒಂದು ದಿನದ ಮೊಳಕೆ, ಎರಡು ದಿನದ್ದು, ಮೂರು ದಿನದ್ದು: ಒಂದೇ ತೂಕ ತೆಗೆದುಕೊಂಡು ಒಂದೇ ಅಳತೆ ನೀರಲ್ಲಿ ಅರೆದು ಸೋಸೋಣ. ಆರಿದ ತೆಳು ಪಿಷ್ಟದ ಗಂಜಿಗೆ ಪ್ರತಿಯೊಂದನ್ನೂ ಬೇರೆ ಬೇರೆ ಲೋಟದಲ್ಲಿ ಬೆರೆಸಿ, ಐದೈದು ನಿಮಿಷಕ್ಕೆ ಒಂದು ಹನಿ ತೆಗೆದು ತಟ್ಟೆಯ ಮೇಲೆ ಅಯೋಡಿನ್ ಮುಟ್ಟಿಸೋಣ. ಪಿಷ್ಟ ಇರುವ ತನಕ ಕಡುನೀಲಿ. ನೀಲಿ ಬೇಗ ಹೋದಷ್ಟೂ ಚಟುವಟಿಕೆ ಹೆಚ್ಚು. ಕುದಿಸಿ ಆರಿಸಿದ ಸಾರವನ್ನೂ ಒಂದು ಲೋಟಕ್ಕೆ ಹಾಕಿಡಿ. ಅಲ್ಲಿ ನೀಲಿ ಉಳಿದರೆ, ಉಳಿದ ಲೋಟಗಳಲ್ಲಿ ಕೆಲಸ ಮಾಡಿದ್ದು ಕಿಣ್ವವೇ ಅಂತ ಖಾತ್ರಿ.

ಒಂದು ಎಚ್ಚರ: ಚಟುವಟಿಕೆ ಅಂದರೆ ಕಿಣ್ವದ ಪ್ರಮಾಣ ಅಲ್ಲ. ತಾಪಮಾನ, ಪಿಎಚ್ ಬದಲಾದರೆ ಅದೇ ಕಿಣ್ವ ಬೇರೆ ವೇಗ ತೋರಿಸುತ್ತೆ. ಎಲ್ಲ ಲೋಟಕ್ಕೂ ಒಂದೇ ಸ್ಥಿತಿ ಇರಲೇಬೇಕು.

ಇದೆಲ್ಲ ಬರೀ ಲ್ಯಾಬ್ ಮಾತಲ್ಲ. ಮಗುವಿನ ಹೊಟ್ಟೆ ಚಿಕ್ಕದು. ಗಟ್ಟಿ ಗಂಜಿ ನುಂಗಲಾಗದು. ನೀರು ಸುರಿದರೆ ಚಮಚದಲ್ಲಿ ಸತ್ವ ಕಡಿಮೆ. ಮೊಳಕೆ ಹಿಟ್ಟು ನೀರು ಹೆಚ್ಚಿಸದೆಯೇ ಗಂಜಿಯನ್ನು ತೆಳ್ಳಗೆ ಮಾಡುತ್ತೆ. ಆದರೆ ಮೊಳಕೆ ತೀರಾ ಬೆಳೆದರೆ ಆ ಸಕ್ಕರೆಯನ್ನು ಸಸಿಯೇ ತಿಂದುಬಿಡುತ್ತೆ. ಹಿಟ್ಟನ್ನು ತೀರಾ ಹುರಿದರೆ ಕಿಣ್ವವೇ ಸಾಯುತ್ತೆ. ಯಾವಾಗ ನಿಲ್ಲಿಸಬೇಕು ಅನ್ನೋದಕ್ಕೆ ಉತ್ತರ ಆ ನೀಲಿ ಹನಿಯಲ್ಲಿದೆ.