ದೊಡ್ಡವನಾದ ಮೇಲೆ ಸರಿಹೋಗುತ್ತಾ?

ಪುಟ್ಟೀ, ಮೊನ್ನೆ ಹಬ್ಬಕ್ಕೆ ಬಂದಾಗ ಎಲ್ಲರೆದುರು ಮಾತು ಬೇಡವೆಂದು ಸುಮ್ಮನಿದ್ದೆ. ನಿನ್ನ ಮಗ ಎಲೆ ಮುಂದೆ ಕೂರುವಷ್ಟರಲ್ಲಿ ನಾಲ್ಕು ಸಲ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ. ಬೆರಳಿನ ಗೆಣ್ಣುಗಳ ಮೇಲೆ ಚರ್ಮ ಒಡೆದು ಕೆಂಪಾಗಿತ್ತು. ನಿಮ್ಮ ಅತ್ತೆಯವರು "ನಮ್ಮ ಹುಡುಗನಿಗೆ ಹತ್ತನೇ ವಯಸ್ಸಿಗೇ ಎಷ್ಟು ಮಡಿ ನೋಡಿ" ಎಂದು ನಕ್ಕರು. ನೀನೂ ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ನನ್ನನ್ನು ಮೆಲ್ಲಗೆ ಕೇಳಿದೆ: "ಅತ್ತೆ, ದೊಡ್ಡವನಾದ್ಮೇಲೆ ಸರಿಹೋಗುತ್ತೆ ಅಲ್ವಾ?"

"ಹೂಂ" ಅಂದುಬಿಟ್ಟೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಆ "ಹೂಂ" ವಾಪಸು ತೆಗೆದುಕೊಳ್ಳಲು ಈ ಕಾಗದ.

ವಯಸ್ಸು ತಾನಾಗಿ ವಾಸಿ ಮಾಡುವ ತೊಂದರೆಗಳು ಇಲ್ಲವೆಂದಲ್ಲ. ಹಾಸಿಗೆ ಒದ್ದೆ ಮಾಡುವುದನ್ನೇ ನೋಡು. ಐದನೇ ವಯಸ್ಸಿನಲ್ಲಿ ನೂರಕ್ಕೆ ಹದಿನೈದು ಮಕ್ಕಳಲ್ಲಿ ಅದಿರುತ್ತದೆ, ಹದಿನೈದನೇ ವಯಸ್ಸಿಗೆ ಒಬ್ಬಿಬ್ಬರಲ್ಲಿ ಉಳಿದರೆ ಹೆಚ್ಚು. ಕಣ್ಣು ಪಿಟಪಿಟ ಮಿಟುಕಿಸುವುದು, ಭುಜ ಹಾರಿಸುವುದು ಹತ್ತು ಹನ್ನೆರಡರ ಸುಮಾರಿಗೆ ಜೋರಾಗಿದ್ದು ಕಾಲೇಜು ಸೇರುವ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ತಗ್ಗುತ್ತದೆ. ಬೈದರೆ ಮಾತ್ರ ಹೆಚ್ಚುತ್ತದೆ. ಜೂನ್ ತಿಂಗಳಲ್ಲಿ ಸ್ಕೂಲು ಗೇಟು ಹಿಡಿದು ಅಳುತ್ತಿದ್ದ ಮಕ್ಕಳನ್ನು ಎಷ್ಟು ನೋಡಿಲ್ಲ ನಾನು! ದಸರಾ ರಜೆಯ ಹೊತ್ತಿಗೆ ಅವೇ ಗೇಟು ಹತ್ತಿ ಕುಣಿಯುತ್ತಿದ್ದವು. ಇಂಥವನ್ನು ಕಂಡೂ ಕಂಡೂ ನಮ್ಮ ಬಾಯಿಗೆ ಆ ಮಾತು ರೂಢಿಯಾಗಿದೆ.

ಕೆಲವು ಹೋಗುವುದಿಲ್ಲ, ವೇಷ ಬದಲಿಸುತ್ತವೆ. ಒಂದು ಕಡೆ ಕೂರಲಾರದ, ಕೊಟ್ಟ ಕೆಲಸ ಅರ್ಧಕ್ಕೆ ಬಿಡುವ ಎಡಿಎಚ್‌ಡಿ ಇದೆಯಲ್ಲ, ದೊಡ್ಡವರಾದ ಮೇಲೆ ಓಡಾಟ ನಿಲ್ಲುತ್ತದೆ, ಮನಸ್ಸಿನ ಓಡಾಟ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಇಂಥ 558 ಮಕ್ಕಳನ್ನು ಸುಮಾರು ಎಂಟನೇ ವಯಸ್ಸಿನಿಂದ ಇಪ್ಪತ್ತೈದರವರೆಗೂ ಗಮನಿಸಿದರು. ಪೂರ್ತಿ ಬಿಟ್ಟುಹೋಗಿ ಮತ್ತೆ ಬಾರದಿದ್ದುದು ಹತ್ತರಲ್ಲಿ ಒಬ್ಬರಿಗೆ ಮಾತ್ರ. ಹೆಚ್ಚಿನವರಲ್ಲಿ ಒಂದೆರಡು ವರ್ಷ ಹೋದಂತಾಗಿ ಮತ್ತೆ ಬಂತು. "ಈಗ ಸರಿಹೋಗಿದ್ದಾನೆ" ಎಂದು ಮನೆಯವರು ಸಿಹಿ ಹಂಚಿದ್ದು ಆ ನಡುವಿನ ವರ್ಷಗಳಲ್ಲೇ ಇರಬೇಕು.

ಅದೂ ಅಲ್ಲದೆ, ವಯಸ್ಸಿಗೆ ಬರುವುದೆಂದರೆ ಮನಸ್ಸಿನ ಕಾಯಿಲೆಗಳು ಕಳೆಯುವ ಕಾಲವಲ್ಲ, ಬಹಳಷ್ಟು ಶುರುವಾಗುವ ಕಾಲ. ಏಳು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿ ಕೂಡಿಸಿ ನೋಡಿದ ಒಂದು ಅಧ್ಯಯನ 2022ರಲ್ಲಿ ಅಚ್ಚಾಯಿತು. ಕಾಯಿಲೆಯಾದವರಲ್ಲಿ ಮೂರನೇ ಒಂದು ಪಾಲಿನವರಿಗೆ ಹದಿನಾಲ್ಕು ತುಂಬುವ ಮೊದಲೇ, ಸುಮಾರು ಅರ್ಧದಷ್ಟು ಜನಕ್ಕೆ ಹದಿನೆಂಟರೊಳಗೆ ಶುರುವಾಗಿತ್ತು.

ಇನ್ನು ನಿನ್ನ ಮಗನ ವಿಷಯ. ನಾನು ಡಾಕ್ಟರಲ್ಲ, ಅವನಿಗೆ ಇಂಥದ್ದೇ ಎಂದು ಹೇಳಲಾರೆ. ಆದರೆ ಮಡಿಗೂ ಗೀಳು ಎನ್ನುವ ಕಾಯಿಲೆಗೂ ಇರುವ ವ್ಯತ್ಯಾಸ ಗೊತ್ತು. ನಮ್ಮಜ್ಜಿ ಮಡಿ ಉಟ್ಟು ಅಡುಗೆ ಮುಗಿಸಿ, ಮಡಿ ಬಿಚ್ಚಿ, ನಮ್ಮ ಜೊತೆ ಪಗಡೆ ಆಡುತ್ತಿದ್ದಳು. ಮಡಿಗೆ ಒಂದು ಮುಗಿತಾಯವಿದೆ, ನೆಮ್ಮದಿಯೂ ಇದೆ. ಗೀಳಿಗೆ ಎರಡೂ ಇಲ್ಲ. ತೊಳೆದ ಕೈ ಸಾಬೂನು ಒಣಗುವ ಮೊದಲೇ ಮತ್ತೆ ಕೊಳೆಯಾಗಿರುತ್ತದೆ. ಅದು ಸುಳ್ಳು ಭಯವೆಂದು ಮಗುವಿಗೇ ಎಷ್ಟೋ ಸಲ ಗೊತ್ತಿರುತ್ತದೆ, ಗೊತ್ತಿದ್ದೂ ಬಿಡಲಾಗುವುದಿಲ್ಲ.

ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಬರೆದದ್ದನ್ನು ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿ ಹಾಳೆ ತೂತಾಗುತ್ತಿತ್ತು. ಅವರಮ್ಮ ಬಂದು ಕೇಳಿದಾಗ "ಅಚ್ಚುಕಟ್ಟಿನ ಹುಡುಗಿ, ದೊಡ್ಡವಳಾದ ಮೇಲೆ ಸರಿಹೋಗ್ತಾಳೆ" ಅಂದವಳು ನಾನೇ. ಸರಿಹೋಗದಿದ್ದಾಗ ಮನೆಯವರು ನಮ್ಮ ಕಡೆಯ ಇನ್ನೊಂದು ಮದ್ದು ಮಾಡಿದರು, ಮದುವೆ. ಮದುವೆಯಾಗೋ ತನಕ ಹುಚ್ಚು ಬಿಡೋಲ್ಲ, ಹುಚ್ಚು ಬಿಡೋ ತನಕ ಮದುವೆಯಾಗೋಲ್ಲ ಅನ್ನುವ ಗಾದೆಯನ್ನು ನಾವು ತಮಾಷೆಗೆ ಹೇಳುತ್ತೇವೆ, ಅದರ ಮೊದಲ ಅರ್ಧವನ್ನು ಮಾತ್ರ ನಿಜವೆಂದು ನಂಬುತ್ತೇವೆ. ವರ್ಷಗಳಾದ ಮೇಲೆ ಬಸ್ಸಿನಲ್ಲಿ ಸಿಕ್ಕಳು. ಕಂಬಿ ಹಿಡಿಯಲು ಸೆರಗನ್ನು ಕೈಗೆ ಸುತ್ತಿಕೊಂಡಿದ್ದಳು. "ಮೂವತ್ತೊಂದಕ್ಕೆ ಡಾಕ್ಟರ ಹತ್ತಿರ ಹೋದೆ ಟೀಚರ್, ಈಗ ಎಷ್ಟೋ ವಾಸಿ" ಅಂದಳು. ನನ್ನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬಾಲ್ಯದಲ್ಲಿ ಗೀಳು ಶುರುವಾದ ಮಕ್ಕಳ ಮುಂದಿನ ವರ್ಷಗಳನ್ನು ಅಧ್ಯಯನ ಮಾಡಿದವರಿಗೆ, ಸುಮಾರು ಹತ್ತರಲ್ಲಿ ನಾಲ್ವರಲ್ಲಿ ಅದು ಪೂರ್ತಿಯಾಗಿ ಉಳಿದಿದ್ದು ಕಂಡಿತು. ಅಂದರೆ ಉಳಿದವರಲ್ಲಿ ತಗ್ಗಿತ್ತು ಇಲ್ಲವೇ ಹೋಗಿತ್ತು ಎಂದೂ ಆಯಿತಲ್ಲ, ಆ ಧೈರ್ಯ ಇಟ್ಟುಕೋ. ಆದರೆ ಚಿಕಿತ್ಸೆಯಿಲ್ಲದೆ ಎಳೆದಷ್ಟೂ ಅದು ಬೇರು ಬಿಡುತ್ತದೆ.

ಇನ್ನೊಂದು ಮಾತು, ನೊಂದುಕೊಳ್ಳಬೇಡ. ಊಟದ ಹೊತ್ತಿನಲ್ಲಿ ಅವನು "ಅಮ್ಮಾ, ಏನೂ ಆಗಲ್ಲ ಅಲ್ವಾ?" ಎಂದು ಹತ್ತು ಸಲವಾದರೂ ಕೇಳಿದ. ಅಷ್ಟೂ ಸಲ ನೀನು "ಏನೂ ಆಗಲ್ಲ ಕಣೋ" ಅಂದೆ. ಅವನ ಎಲೆಯನ್ನು ಎರಡನೇ ಸಲ ತೊಳೆದುಕೊಟ್ಟೆ. ಯಾವ ತಾಯಿಯೂ ಮಾಡುವುದೇ ಅದು. ಆದರೆ ಆ ಉತ್ತರವೇ ಗೀಳಿಗೆ ಗೊಬ್ಬರ. ಹಾಗೆಂದು ನಾಳೆಯಿಂದಲೇ ಬಾಯಿ ಮುಚ್ಚಿಕೊಂಡು ಕೂರಬೇಡ, ಮಗು ಹೆದರುತ್ತದೆ. ಹೇಗೆ ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಬೇಕು ಎಂಬುದನ್ನು ತಜ್ಞರು ಕಲಿಸುತ್ತಾರೆ. ಹೆದರಿಕೆಯ ವಸ್ತುವನ್ನು ಮುಟ್ಟಿಸಿ, ತೊಳೆಯದೆ ಕೂರಿಸಿ, ಭಯ ಏರಿ ತಾನಾಗಿ ಇಳಿಯುವುದನ್ನು ಮಗುವೇ ಕಾಣುವಂತೆ ಮಾಡುತ್ತಾರೆ. ಮೊದಲು ಬಾಗಿಲ ಚಿಲಕ, ಆಮೇಲೆ ಚಪ್ಪಲಿ, ಹೀಗೆ. ಬೇಕಾದರೆ ಜೊತೆಗೆ ಮಾತ್ರೆಯೂ ಉಂಟು.

ಹರಕೆ ಹೊತ್ತಿದ್ದರೆ ತೀರಿಸು, ಬೇಡವೆನ್ನುವುದಿಲ್ಲ. ಅದಕ್ಕಾಗಿ ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬೇಡ. ನಾಲ್ಕು ಜನಕ್ಕೆ ತಿಳಿಯುತ್ತದೆ ಎಂಬ ಅಳುಕೂ ಬೇಡ. ರೋಗಿಯ ವಿಷಯ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ನಿಮ್ಮ ಯಜಮಾನರು ಒಪ್ಪದಿದ್ದರೆ ಮೊದಲು 14416ಕ್ಕೆ ಫೋನ್ ಹಚ್ಚು. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗವಿದೆ. ಅಷ್ಟು ದೂರ ಈಗಲೇ ಬೇಡವೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದ ತಜ್ಞರು ಬರುತ್ತಾರೆ.

ಈ ಮಂಗಳವಾರ ಅವನಿಗೆ ಸ್ಕೂಲು ರಜೆ ಹಾಕಿಸು. ಎಂಟೂವರೆ ಬಸ್ಸಿಗೆ ನಾನು ಸ್ಟ್ಯಾಂಡಿನಲ್ಲಿರುತ್ತೇನೆ.