ಬೆಟ್ಟದ ಗಾಳಿಗೆ ಪರದೆ ಕಟ್ಟುವ ಪಟ್ಟಿ

ಆಷಾಢ ಬಂತೆಂದರೆ ದೇವರಾಯನದುರ್ಗದ ಮನೆಗಳಲ್ಲಿ ಕಿಟಕಿ ಪರದೆ ನಿಂತಲ್ಲಿ ನಿಲ್ಲುವುದಿಲ್ಲ. ಗ್ರಿಲ್ ದಾಟಿ ಹೊರಗೆ ಹಾರುತ್ತದೆ. ಹಾರಿದ್ದನ್ನು ಜಗ್ಗಲು ಕೋತಿಗಳಂತೂ ಇದ್ದೇ ಇವೆ. ಪರದೆಯನ್ನೇ ಗಂಟು ಹಾಕಿಟ್ಟರೆ ಸಂಜೆ ಬಿಚ್ಚುವಾಗ ಬಟ್ಟೆಯೆಲ್ಲ ಸುಕ್ಕು. ಪಕ್ಕಕ್ಕೆ ಸರಿಸಿ ಕಟ್ಟಿಡುವ ಪಟ್ಟಿಯೊಂದಿದ್ದರೆ ಸಾಕು. ಅಂಗಡಿಯವರು ಟೈಬ್ಯಾಕ್ ಎನ್ನುವ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. 1884ರಲ್ಲೇ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಈ ಜಿಲ್ಲೆಗೆ ಪರದೆ, ಹಗ್ಗದ ಕೆಲಸವೇನು ಹೊಸದೇ!

ಮೊದಲು ಅಳತೆ. ಪರದೆಯನ್ನು ಪಕ್ಕಕ್ಕೆ ಸರಿಸಿ, ನೆರಿಗೆ ಜೋಡಿಸಿ, ಟೇಪನ್ನು ಸಡಿಲವಾಗಿ ಸುತ್ತಿ ಎರಡೂ ತುದಿಗಳನ್ನು ಗೋಡೆಗೆ ಹಿಡಿಯಿರಿ. ಒಳಗೆ ಅಂಗೈ ತೂರಬೇಕು. ಸಾಧಾರಣ ಹತ್ತಿಯ ಪರದೆಗೆ 16ರಿಂದ 20 ಅಂಗುಲ ಬರುತ್ತದೆ. ಬಿಗಿ ಮಾಡಲು ಹೋಗಬೇಡಿ, ಸುಕ್ಕು ಬೀಳುವುದೇ ಅಲ್ಲಿ.

ಪಟ್ಟಿಗೆ ಹಳೇ ರೇಷ್ಮೆ ಸೀರೆಯ ಅಂಚಿಗಿಂತ ಚೆನ್ನಾದದ್ದು ನನಗೆ ಕಂಡಿಲ್ಲ. ಅಳತೆಗೆ ಒಂದು ಅಂಗುಲ ಸೇರಿಸಿ, 4 ಅಂಗುಲ ಅಗಲಕ್ಕೆ ಕತ್ತರಿಸಿ. ಅಷ್ಟೇ ಅಳತೆಯ ಲೈನಿಂಗ್ ಬಟ್ಟೆ ತೆಗೆದುಕೊಂಡು ಅದರ ಒಳಬದಿಗೆ ಟೈಲರ್‌ಗಳು ಕಾಲರಿಗೆ ಹಾಕುವ ಕ್ಯಾನ್ವಾಸ್ ಅಂಟಿಸಿ. ಅಂಚು, ಲೈನಿಂಗ್ ಎರಡನ್ನೂ ಮುಖಕ್ಕೆ ಮುಖ ಇಟ್ಟು, ಸುತ್ತ ಅರ್ಧ ಅಂಗುಲ ಬಿಟ್ಟು ಹೊಲಿಯಿರಿ. ಒಂದು ತುದಿ ಮಾತ್ರ ತೆರೆದಿರಲಿ. ಅಲ್ಲಿಂದ ಮಗುಚಿ, ಇಸ್ತ್ರಿ ಹಾಕಿ, ಬಾಯಿ ಮುಚ್ಚಿ. ಎರಡೂ ತುದಿಗೆ ಒಂದೊಂದು ಹಿತ್ತಾಳೆ ಬಳೆ ಹೊಲಿದರೆ ಪಟ್ಟಿ ಸಿದ್ಧ.

ತೆಂಗಿನ ಸೀಮೆಯವರಿಗೆ ನಾರಿನ ಹಗ್ಗ ಇನ್ನೂ ಸುಲಭ. ಮೂರು ಎಳೆ ಜಡೆ ಹೆಣೆದು ತುದಿಗಳನ್ನು ದಾರದಿಂದ ಬಿಗಿದರೆ ಮುಗಿಯಿತು. ಆದರೆ ಹೊಸ ಹಗ್ಗ ಒದ್ದೆಯಾದರೆ ಕಂದು ಬಣ್ಣ ಬಿಡುತ್ತದೆ. ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸುತ್ತ ನೆನೆಸಿ, ಒಣಗಿಸಿದ ಮೇಲಷ್ಟೇ ಹೆಣೆಯಿರಿ. ತೆಳು ಪರದೆಗೆ ಇದು ಬೇಡ, ನಾರು ಸಿಕ್ಕಿ ಎಳೆ ಕೀಳುತ್ತದೆ. ದಪ್ಪ ಖಾದಿಗೆ ಒಪ್ಪುತ್ತದೆ.

ಇನ್ನು ಕೊಕ್ಕೆ. ಬಾಗಿಲ ಪರದೆಯಾದರೆ ನೆಲದಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ, ಕಿಟಕಿಯದಾದರೆ ಕೆಳಗಟ್ಟೆಯ ಮಟ್ಟದಲ್ಲಿ ಹಾಕಿ. ನಡುಮಧ್ಯೆ ಕಟ್ಟಿದರೆ ಚೆನ್ನಾಗಿ ಕಾಣುವುದಿಲ್ಲ. ಮರದ ಚೌಕಟ್ಟು ಕೈಗೆ ಸಿಗುವಂತಿದ್ದರೆ ಅದಕ್ಕೇ ತಿರುಪಿನ ಕೊಕ್ಕೆ ತಿರುಗಿಸಿ, ಡ್ರಿಲ್ ಉಳಿಯುತ್ತದೆ. ಗಾರೆ ಗೋಡೆಗಾದರೆ ತೂತು ಕೊರೆದು ಪ್ಲಾಸ್ಟಿಕ್ ಪ್ಲಗ್ ಕೂರಿಸಿಯೇ ತಿರುಗಿಸಬೇಕು. ಬರೀ ಮೊಳೆ ಹೊಡೆದರೆ ಗಾಳಿಯ ಜಗ್ಗಾಟಕ್ಕೆ ಸಡಿಲವಾಗುತ್ತದೆ.

ಕಟ್ಟಿದ ಮೇಲೆ ಪಟ್ಟಿಯ ಮೇಲ್ಭಾಗದ ಬಟ್ಟೆಯನ್ನು ತುಸು ಮೇಲಕ್ಕೆಳೆದು ಇಳಿಬಿಡಿ, ನೆರಿಗೆ ತಾನಾಗಿ ಕೂರುತ್ತದೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಪರದೆ ಬಿಚ್ಚಿದಾಗ ಪಟ್ಟಿಯನ್ನು ಕುಣಿಕೆಯಂತೆ ನೇತಾಡಲು ಬಿಡದೆ ತೆಗೆದಿಡಿ. ದೇವರ ಮನೆಯ ಬಾಗಿಲಿಗೆ ಪರದೆ ಇದ್ದರೆ ದೀಪ ಹಚ್ಚುವ ಮೊದಲು ಕಟ್ಟಿ, ದೀಪ ಆರಿದ ಮೇಲೆಯೇ ಬಿಚ್ಚಿ.