ಮನೆಯ ಮಕ್ಕಳಿಗೊಂದು ತರಕಾರಿ ಮಡಿ

ಕೊಳೆರೋಗ, ಬೇರುಹುಳು, ಕಾಫಿಯ ಕಾಂಡಕೊರಕ ಮುಂತಾದವುಗಳ ಬಗ್ಗೆ ಈ ಪುಟಗಳಲ್ಲಿ ಹಲವು ಸಲ ಬರೆದಿದ್ದೇವೆ. ಈ ಸಲ ಅಡಿಕೆಯೂ ಅಲ್ಲದ, ಕಾಫಿಯೂ ಅಲ್ಲದ ಒಂದು ವಿಷಯವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳ ಕೈಯಿಂದ ಮನೆಯ ಹಿತ್ತಲಲ್ಲಿಯೂ ಊರಿನ ಅಂಗನವಾಡಿಯಲ್ಲಿಯೂ ತರಕಾರಿ ಬೆಳೆಸುವುದು ಹೇಗೆ ಎಂಬುದೇ ಆ ವಿಷಯ. ಮಕ್ಕಳಾಟಿಕೆಗೂ ಪತ್ರಿಕೆಯಲ್ಲಿ ಜಾಗವೇ ಎಂದು ಕೆಲವರು ಕೇಳಬಹುದು. ಕಾರಣವಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆ ಹಿಡಿಯುವ ಮೊದಲು ಒಂದು ಸಲ ಔಷಧಿ ಹೊಡೆಸಿಬಿಡಬೇಕೆಂಬ ಅವಸರ. ಕೊಟ್ಟಿಗೆಯ ಪಕ್ಕದಲ್ಲಿ ಬೋರ್ಡೋ ದ್ರಾವಣದ ಡ್ರಮ್ಮು ಇಟ್ಟು, ಮೈಲುತುತ್ತದ ಚೀಲ ಬಿಚ್ಚಿ, ಸುಣ್ಣ ತರಲೆಂದು ಒಳಗೆ ಹೋಗಿದ್ದೆವು. ಹಿಂದಿರುಗಿ ಬರುವಷ್ಟರಲ್ಲಿ ನಾಲ್ಕು ವರ್ಷದ ನಮ್ಮ ಮೊಮ್ಮಗಳು ಒಂದು ನೀಲಿ ಹರಳನ್ನು ಕೈಯಲ್ಲಿ ಹಿಡಿದು ನೆಕ್ಕುತ್ತಿದ್ದಳು. ಅವಳ ಕಣ್ಣಿಗೆ ಅದು ಬಣ್ಣದ ಕಲ್ಲುಸಕ್ಕರೆ. ಕೂಡಲೇ ಬಾಯಿ ತೊಳೆಸಿ, ಸಿಕ್ಕ ವಾಹನದಲ್ಲಿ ಭದ್ರಾವತಿಯ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ನಾಲಗೆಗೆ ತಗುಲಿದ್ದು ಅತ್ಯಲ್ಪವಾಗಿದ್ದರಿಂದ ಸಂಜೆಗೆ ಮಗು ಮನೆಗೆ ಬಂತು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದಿದ್ದುದೇ ಒಳ್ಳೆಯದಾಯಿತು ಎಂದರು ವೈದ್ಯರು. ಮೈಲುತುತ್ತ ಒಳಗೆ ಹೋಗುವಾಗ ಸುಟ್ಟಂತೆಯೇ ಹೊರಗೆ ಬರುವಾಗಲೂ ಗಂಟಲನ್ನು ಸುಡುತ್ತದೆ. ಚಿಕ್ಕ ಮಕ್ಕಳಿಗೆ ಉಪ್ಪುನೀರೇ ಪ್ರತ್ಯೇಕ ಅಪಾಯ. ಇದನ್ನು ಪ್ರತಿ ಮನೆಯವರೂ ನೆನಪಿಡಬೇಕು. ಬಾಯಿ ತೊಳೆಸುವುದು, ಔಷಧಿಯ ಚೀಟಿ ಅಥವಾ ಚೀಲವನ್ನು ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಹೋಗುವುದು, ಇಷ್ಟೇ ನಮ್ಮ ಕೆಲಸ.

ಚೀಲವನ್ನು ಬಿಚ್ಚಿಟ್ಟು ಹೋದ ತಪ್ಪು ನಮ್ಮದೇ. ಆ ರಾತ್ರಿ ಮಗು ಹೇಳಿದ ಮಾತು ಮಾತ್ರ ನಮ್ಮನ್ನು ಬಹಳ ದಿನ ಬಿಡಲಿಲ್ಲ. "ಅಜ್ಜ, ನಾನೂ ತೋಟದ ಕೆಲಸ ಮಾಡ್ತಿದ್ದೆ" ಎಂದಳು. ನಿಜವೇ. ಮನೆಯವರೆಲ್ಲರೂ ತೋಟದ ಕೆಲಸದಲ್ಲಿರುವಾಗ ಅವಳಿಗೂ ಕೆಲಸ ಬೇಕಾಗಿತ್ತು. ಎಂಟು ಎಕರೆಯಲ್ಲಿ ಅವಳದೆನ್ನುವ ಒಂದು ಅಡಿ ಜಾಗವಿರಲಿಲ್ಲ.

ಮೊದಲು ಹೀಗಿರಲಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತ ಹೆಚ್ಚಿತು. ಅನಂತರ ಅಡಿಕೆಯ ಧಾರಣೆ ನೋಡಿ ಅದೇ ಗದ್ದೆಗಳು ಒಂದೊಂದಾಗಿ ತೋಟಗಳಾದವು. ಗದ್ದೆಯ ಬದುವಿನ ಅಲಸಂದೆ ಹೋಯಿತು, ಬೇಸಿಗೆಯ ಸೌತೆ ಹೋಯಿತು. ಕೊನೆಗೆ ಅಡಿಕೆ ಸಾಲು ಅಡುಗೆಮನೆಯ ಗೋಡೆಯವರೆಗೂ ಬಂದು ಹಿತ್ತಲೇ ಹೋಯಿತು. ಈಗ ನಮ್ಮಲ್ಲಿ ಅನೇಕರು ಭದ್ರಾವತಿಯ ಸಂತೆಯಿಂದ ಹರಿವೆ ಸೊಪ್ಪು ಕೊಂಡು ತರುವ ಕೃಷಿಕರು! ಅಡಿಕೆಯೋ, ಸಸಿ ನೆಟ್ಟರೆ ಫಲಕ್ಕೆ ಐದಾರು ವರ್ಷ ಬೇಕು. ನೆಟ್ಟ ಮಗು ಫಲ ನೋಡುವ ಹೊತ್ತಿಗೆ ಮಗುವಾಗಿ ಉಳಿದಿರುವುದಿಲ್ಲ. ಬಿತ್ತಿದ್ದು ನಾಲ್ಕನೇ ದಿನ ಮೊಳೆಯಬೇಕು, ತಿಂಗಳಲ್ಲಿ ತಟ್ಟೆಗೆ ಬರಬೇಕು. ಮಕ್ಕಳ ಬೇಸಾಯವೆಂದರೆ ಅದು.

ಇದು ನಮ್ಮ ಹೊಸ ಕಲ್ಪನೆಯೇನೂ ಅಲ್ಲ. ಜರ್ಮನಿಯ ಫ್ರೊಬೆಲ್ ಎಂಬ ಶಿಕ್ಷಕ 1840ರಲ್ಲಿ ತನ್ನ ಶಿಶುಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ. ಹಾಗೆಂದರೆ ಮಕ್ಕಳ ತೋಟ. ಅಲ್ಲಿ ಪ್ರತಿ ಮಗುವಿಗೂ ತನ್ನದೇ ಆದ ಚಿಕ್ಕ ಮಡಿ, ಅವುಗಳ ಸುತ್ತ ಎಲ್ಲರಿಗೂ ಸೇರಿದ ಮಡಿಗಳು. ಇಂದು ಪಟ್ಟಣಗಳಲ್ಲಿ ಆ ಹೆಸರಿನ ಬೋರ್ಡು ಹಾಕಿಕೊಂಡ ಎಷ್ಟು ಶಾಲೆಗಳಲ್ಲಿ ಒಂದು ಬುಟ್ಟಿ ಮಣ್ಣಿದೆ ಎಂದು ನೋಡಿದರೆ ನಗು ಬರುತ್ತದೆ. ನಮ್ಮ ದೇಶದಲ್ಲಿ 1937ರ ವಾರ್ಧಾ ಸಮ್ಮೇಳನದ ನಂತರ ರೂಪುಗೊಂಡ ಮೂಲ ಶಿಕ್ಷಣದಲ್ಲಿ ನೂಲುವಿಕೆಯಂತೆ ಬೇಸಾಯವೂ ಕಲಿಕೆಯ ದಾರಿಯಾಗಿತ್ತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲೇ ಪುಸ್ತಕದ ಹೊರಗಿನ ಶಿಕ್ಷಣವನ್ನು ಮಕ್ಕಳೊಡನೆ ಪ್ರಯೋಗ ಮಾಡಿ ನೋಡಿದವರು.

ಜಾಗ ಮತ್ತು ಅಳತೆ

ಮಡಿಯೆಂದರೆ ಅಜ್ಜಿಯ ಮಡಿಯಲ್ಲ, ಮುಟ್ಟಲೇಬೇಕಾದ ಮಡಿ. ಅಡುಗೆಮನೆಯ ಬಾಗಿಲಿನಿಂದ ಕಾಣುವ ಜಾಗವನ್ನು ಆರಿಸಬೇಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಅಡಿಕೆ ಮರದ ಬುಡದಲ್ಲಿ ಖಾಲಿ ಜಾಗವಿದೆಯೆಂದು ಅಲ್ಲಿ ಬಿತ್ತಿಸಿದರೆ ಸೊಪ್ಪು ನೆರಳಿಗೆ ಸೊರಗಿ, ಮಗುವಿಗೆ ಬೇಸಾಯವೆಂದರೆ ಬೇಸರ ಎನ್ನುವುದಷ್ಟೇ ತಿಳಿಯುತ್ತದೆ. ಔಷಧಿ ಹೊಡೆಯುವಾಗ ನಲವತ್ತು ಐವತ್ತು ಅಡಿ ಎತ್ತರದಿಂದ ಇಳಿಯುವ ತುಂತುರೂ ಅದೇ ಬುಡಕ್ಕೆ ಬೀಳುವುದು. ಗಾಳಿಗೆ ಅದು ದೂರಕ್ಕೂ ಹಾರುತ್ತದೆ. ಆದುದರಿಂದ ತೋಟದ ಅಂಚಿನಿಂದ ಸಾಧ್ಯವಾದಷ್ಟು ದೂರ, ಮನೆಯ ಮರೆಯಲ್ಲಿ ಮಡಿ ಇರಲಿ.

ಮಡಿಯ ಅಗಲವನ್ನು ಮಗುವಿನ ಕೈಯಿಂದಲೇ ಅಳೆಯಬೇಕು. ಕುಕ್ಕರುಗಾಲಲ್ಲಿ ಕುಳಿತ ಮಗು ಒಂದು ಪಕ್ಕದಿಂದ ಒಂದು, ಒಂದೂಕಾಲು ಅಡಿ ಎಟುಕಿಸಬಲ್ಲದು. ಎರಡೂ ಪಕ್ಕದಿಂದ ಎಟುಕುವಂತೆ ಎರಡೂವರೆ ಅಡಿ ಅಗಲ, ನಾಲ್ಕು ಅಡಿ ಉದ್ದ ಸಾಕು. ಮಳೆಗಾಲಕ್ಕೆ ಎಂಟು ಅಂಗುಲ ಎತ್ತರದ ಏರುಮಡಿ ಮಾಡಿ, ಅಂಚಿಗೆ ಅಡಿಕೆ ದಬ್ಬೆಯನ್ನೋ ಕಲ್ಲನ್ನೋ ಕೊಡಬೇಕು. ಬೇಸಿಗೆಗೆ ಅದೇ ಮಡಿ ನೆಲದ ಮಟ್ಟಕ್ಕಿದ್ದರೆ ತೇವ ಉಳಿಯುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬುಟ್ಟಿ ಹಾಕಿ ಮಣ್ಣು ಸಡಿಲಿಸಿಕೊಡುವುದು ದೊಡ್ಡವರ ಕೆಲಸ. ಹಸಿ ಸಗಣಿ ಬೇಡ. ನ್ಯೂಟೌನಿನಲ್ಲೋ ಪೇಪರ್ ಟೌನಿನಲ್ಲೋ ಮನೆ ಮಾಡಿಕೊಂಡಿರುವ ಸದಸ್ಯರ ಮಕ್ಕಳಿಗೆ ತಳ ತೂತು ಮಾಡಿದ ಹಳೆಯ ಬಕೆಟ್ಟುಗಳೂ ಆದೀತು.

ಏನು ಬಿತ್ತಬೇಕು

ಮೊದಲ ಬೆಳೆ ಅಲಸಂದೆಯೇ ಆಗಲಿ ಎಂಬುದು ನಮ್ಮ ಅನುಭವದ ಮಾತು. ಬೀಜ ದಪ್ಪ, ಮೂರು ವರ್ಷದ ಬೆರಳಿಗೂ ಸಿಗುತ್ತದೆ. ಒಂದು ಹಿಡಿ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತೋರಿಸಿ, ಇನ್ನೊಂದು ಹಿಡಿಯನ್ನು ಮಣ್ಣಿಗೆ ಹಾಕಿಸಬೇಕು. ಬಟ್ಟೆಯೊಳಗಿನದು ಎರಡನೇ ದಿನಕ್ಕೆ ಬಾಲ ಬಿಡುತ್ತದೆ. ಮಣ್ಣಿನಲ್ಲಿರುವುದೂ ಹಾಗೆಯೇ ಮಾಡುತ್ತಿದೆಯೆಂದು ಮಗುವಿಗೆ ತಾನಾಗಿ ಹೊಳೆಯುತ್ತದೆ. ಬೆರಳಿನ ಮೊದಲ ಗೆಣ್ಣಿನಷ್ಟು ಆಳ, ಗೇಣಿಗೊಂದು ಬೀಜ. ನಾಲ್ಕೈದು ದಿನಕ್ಕೆ ಮೊಳಕೆ, ಐವತ್ತು ಅರವತ್ತು ದಿನಕ್ಕೆ ಕಾಯಿ.

ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಬೇರು ಸಹಿತ ಮೆಲ್ಲನೆ ಅಗೆದು, ನೀರಿನಲ್ಲಿ ತೊಳೆದು ಮಗುವಿಗೆ ತೋರಿಸಬೇಕು. ಬೇರಿಗೆ ಅಂಟಿದ ಸಾಸಿವೆ ಗಾತ್ರದ, ಮೆಣಸಿನ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡುತ್ತಿವೆ ಎಂಬುದರ ಗುರುತು ಅದು. ಮಗುವಿಗೆ "ಇದು ಗಿಡದ ಅಡುಗೆಮನೆ" ಎಂದರೆ ಸಾಕು. ದೊಡ್ಡವರು ಇನ್ನೊಂದನ್ನು ಗಮನಿಸಬೇಕು. ಕಾಳುಮೆಣಸಿನ ಬೇರಿನಲ್ಲಿ ಜಂತುಹುಳು ಮಾಡುವ ಗಂಟು ಬೇರೆ. ಅಲ್ಲಿ ಬೇರೇ ಊದಿಕೊಂಡಿರುತ್ತದೆ, ತಿಕ್ಕಿದರೆ ಕಳಚುವುದಿಲ್ಲ. ಅಲಸಂದೆಯ ಗಂಟು ಬೆರಳಿಗೆ ಸುಲಭವಾಗಿ ಉದುರುತ್ತದೆ. ಈ ವ್ಯತ್ಯಾಸವನ್ನು ಮಗುವಿನ ಜೊತೆ ಕುಳಿತು ನೋಡಿದ ಮೇಲೆಯೇ ನಮಗೂ ಸರಿಯಾಗಿ ಮನದಟ್ಟಾಯಿತು ಎಂದು ಹೇಳಲು ಸಂಕೋಚವಿಲ್ಲ.

ಎರಡನೆಯದು ಹರಿವೆ. ಬೀಜ ಬಹಳ ಸಣ್ಣದಾದ್ದರಿಂದ ನಾಲ್ಕು ಪಟ್ಟು ಮರಳು ಬೆರೆಸಿ, ಅಜ್ಜಿ ರಂಗೋಲಿ ಎಳೆಯುವಂತೆ ಬಿತ್ತಿಸಬೇಕು. ಇರುವೆ ಹೊತ್ತೊಯ್ಯದಂತೆ ಮಡಿಯ ಸುತ್ತ ಬೂದಿ. ಇಪ್ಪತ್ತೈದು ಮೂವತ್ತು ದಿನಕ್ಕೆ ಸೊಪ್ಪು. ಮೆಂತ್ಯ, ಮೂಲಂಗಿ, ಬೆಂಡೆ ಮಳೆ ಬಿಟ್ಟ ಮೇಲೆ ಸುಲಭ. ಬಸಳೆ ಬಳ್ಳಿಯ ಗೇಣುದ್ದದ ತುಂಡನ್ನು ಬಚ್ಚಲ ನೀರು ಹರಿಯುವ ಕಡೆ ಊರಿದರೆ ಆಯಿತು, ಹಣ್ಣಾದ ಮೇಲೆ ಮಕ್ಕಳಿಗೆ ಶಾಯಿಯೂ ಸಿಗುತ್ತದೆ. ದೊಡ್ಡಪತ್ರೆ, ಒಂದೆಲಗ ಒಂದು ಮೂಲೆಯಲ್ಲಿರಲಿ. ತಾನೇ ಕಿತ್ತು ತಂದ ಒಂದೆಲಗದ ತಂಬುಳಿಯನ್ನು ಬೇಡವೆನ್ನುವ ಮಗುವನ್ನು ನಾವು ಇನ್ನೂ ನೋಡಿಲ್ಲ.

ನೀರಿಗೆ ತೂತು ಮಾಡಿದ ತೆಂಗಿನ ಗರಟೆಯೇ ಸಾಕು. ತುಂಬಿದ ಕೊಡ ಹೊರಿಸಬಾರದು. ಕೀಟಕ್ಕೆ ಕೈಯೇ ಔಷಧಿ. ಹುಳುವನ್ನು ಎಲೆ ಸಮೇತ ತೆಗೆದು ಕೋಳಿಗೆ ಹಾಕುವುದು ಮಕ್ಕಳಿಗೆ ಬಲು ಇಷ್ಟ. ಮಕ್ಕಳ ಮಡಿಗೆ ಯಾವ ವಿಷವನ್ನೂ ಹೊಡೆಯಕೂಡದು, ಸ್ವಲ್ಪವೇ ಎಂದೂ ಕೂಡದು. ಮಗು ಮೊಳಕೆ ಬಂದಿದೆಯೇ ಎಂದು ದಿನಾ ಅಗೆದು ನೋಡಿ ಬೀಜವನ್ನು ಕೊಂದೀತು. ಕೊಲ್ಲಲಿ, ಇನ್ನೊಂದು ಬೀಜ ಕೊಡಿ. ಮಗು ಮಲಗಿದ ಮೇಲೆ ಸಾಲು ನೆಟ್ಟಗೆ ಮಾಡಲು ಹೋಗುವ ಅಪ್ಪಂದಿರು ನಮ್ಮಲ್ಲಿದ್ದಾರೆ. ಬೆಳಿಗ್ಗೆ ಮಗುವಿಗೆ ಅದು ಗೊತ್ತಾಗುತ್ತದೆ, ಮತ್ತೆ ಆ ಮಡಿಯ ಹತ್ತಿರ ಹೋಗುವುದಿಲ್ಲ.

ಎಚ್ಚರಿಕೆಯ ವಿಷಯಗಳು

ಬೋರ್ಡೋ ದ್ರಾವಣದ ಮೇಲೆ ನಮಗೆ ದ್ವೇಷವಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ ಅದನ್ನು ಬಳಕೆಗೆ ತಂದಂದಿನಿಂದ ಅದು ನಮ್ಮ ಕೊನೆಗಳನ್ನು ಕಾಪಾಡಿದೆ. ಆದರೆ ಮೈಲುತುತ್ತವಿರಲಿ, ಬೇರೆ ಔಷಧಿಯಿರಲಿ, ಬೀಗ ಹಾಕುವ ಪೆಟ್ಟಿಗೆಯಲ್ಲಿ ಮಗುವಿನ ತಲೆಯ ಮಟ್ಟಕ್ಕಿಂತ ಮೇಲಿರಬೇಕು. ಔಷಧಿ ಹೊಡೆಯುವ ದಿನ ಮಕ್ಕಳು ಮನೆಯೊಳಗಿರಲಿ, ಮಡಿಗೆ ಹಾಳೆ ಹೊದಿಸಿ. ಆದರೂ ನೀಲಿ ಕಲೆ ಕಂಡ ಸೊಪ್ಪನ್ನು ಕಿತ್ತು ಎಸೆಯಿರಿ. ಔಷಧಿಯ ಖಾಲಿ ಡಬ್ಬಿಯನ್ನು ಕತ್ತರಿಸಿ ಗಿಡದ ಕುಂಡ ಮಾಡುವ, ಅದರಲ್ಲೇ ಮಕ್ಕಳಿಗೆ ನೀರು ಹೊಯ್ಯಲು ಕೊಡುವ ಅಭ್ಯಾಸವನ್ನು ಕೆಲವು ಮನೆಗಳಲ್ಲಿ ಕಂಡಿದ್ದೇವೆ. ಎಷ್ಟು ತೊಳೆದರೂ ಅದು ಮಕ್ಕಳ ಕೈಗೆ ಯೋಗ್ಯವಲ್ಲ.

ಕಾಸರಗೋಡಿನ ಕಡೆ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಪಡ್ರೆಯಂತಹ ಹಳ್ಳಿಗಳಲ್ಲಿ, ನಮ್ಮಂತೆಯೇ ಕನ್ನಡ ಮಾತನಾಡುವ ಅಡಿಕೆ ಬೆಳೆಗಾರರ ಮನೆಗಳ ನಡುವೆ, ಮಕ್ಕಳು ಪಟ್ಟ ಪಾಡನ್ನು ದೇಶವೆಲ್ಲ ಪತ್ರಿಕೆಗಳಲ್ಲಿ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಔಷಧಿಯ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಅಲ್ಲಿಯವರೆಗೆ ಅದೂ ಅಂಗಡಿಯಲ್ಲಿ ಸಿಗುತ್ತಿದ್ದ ಸಾಮಾನ್ಯ ಔಷಧಿಯೇ ಆಗಿತ್ತು.

ನಮ್ಮ ಜಿಲ್ಲೆಗೆ ಇನ್ನೊಂದು ಎಚ್ಚರಿಕೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆ. ಡಿಸೆಂಬರಿನಿಂದ ಮೇವರೆಗೆ ಸಣ್ಣ ಉಣ್ಣೆಗಳು ದರಗಿನಲ್ಲಿ ಹೆಚ್ಚು. ಮಡಿಗೆ ಮುಚ್ಚಿಗೆ ಬೇಕೆಂದು ಆ ತಿಂಗಳುಗಳಲ್ಲಿ ಮಕ್ಕಳನ್ನು ಬೆಟ್ಟಕ್ಕೆ ದರಗು ತರಲು ಕರೆದೊಯ್ಯಬೇಡಿ. ತೋಟದ ಒಣ ಅಡಿಕೆ ಸೋಗೆಯನ್ನೇ ಕತ್ತರಿಸಿ ಹಾಕಿ. ಕಾಲಿಗೆ ಚಪ್ಪಲಿ, ಕೆಲಸದ ನಂತರ ಸಾಬೂನಿನಿಂದ ಕೈ ತೊಳೆತ, ಧನುರ್ವಾಯು ಚುಚ್ಚುಮದ್ದು ಬಾಕಿಯಿಲ್ಲದಂತೆ ನೋಡಿಕೊಳ್ಳುವುದು, ಇವನ್ನು ಹೆಚ್ಚು ವಿವರಿಸಬೇಕಿಲ್ಲ.

ಊರಿನ ಮಕ್ಕಳು

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಚಪ್ಪರಗಳನ್ನು ಒಮ್ಮೆ ನೋಡಿ. ತಾಯಂದಿರು ಮೆಟ್ಟುಗತ್ತಿಯ ಮುಂದೆ ಕುಳಿತಿರುತ್ತಾರೆ, ಪಕ್ಕದಲ್ಲೇ ಮಕ್ಕಳು ಸಿಪ್ಪೆಯ ರಾಶಿಯಲ್ಲಿ ಆಡುತ್ತಿರುತ್ತವೆ. 1951ರ ತೋಟ ಕಾರ್ಮಿಕರ ಕಾಯಿದೆಯು 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ದೊಡ್ಡ ಕಾಫಿ ತೋಟಗಳಿಗೆ ಶಿಶುವಿಹಾರವನ್ನು ಕಡ್ಡಾಯ ಮಾಡಿತ್ತು. ನಮ್ಮಂತಹ ಸಣ್ಣ ಹಿಡುವಳಿಯವರಿಗೆ ಅದು ಅನ್ವಯಿಸಿರಲಿಲ್ಲ. ಆದರೆ ಮಗುವಿನ ಬೆರಳಿಗೆ ಎಕರೆಯ ಲೆಕ್ಕ ಗೊತ್ತಿಲ್ಲ. ಚಪ್ಪರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ತಾಯಿಯ ಕಣ್ಣಳತೆಯಲ್ಲಿ ಎರಡು ಮಡಿ ಮಾಡಿ, ಒಬ್ಬ ಹಿರಿಯರನ್ನು ಕೂರಿಸಿದರೆ ಆ ಮಕ್ಕಳಿಗೂ ಕತ್ತಿಯಿಲ್ಲದ ಕೆಲಸ ಸಿಗುತ್ತದೆ. ಅದು ಆಟವಾಗಿಯೇ ಇರಬೇಕು. ಮಕ್ಕಳಿಂದ ಗೋಟು ಹೆಕ್ಕಿಸುವುದನ್ನು, ಕಾಫಿ ಹಣ್ಣು ಆರಿಸುವುದನ್ನು ಇದರ ಹೆಸರಿನಲ್ಲಿ ಯಾರೂ ಶುರು ಮಾಡಬಾರದು.

ಅಂಗನವಾಡಿಗಳು ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಿಂದ ಬಂದವು. ಮಕ್ಕಳು ಅಲ್ಲೇ ಊಟ ಮಾಡುವುದರಿಂದ ಬೆಳೆದ ಸೊಪ್ಪು ಅಂದೇ ಸಾರಿಗೆ ಬೀಳುತ್ತದೆ. ನೀರು, ಬೇಲಿ, ರಜೆ, ಈ ಮೂರೇ ಅಲ್ಲಿನ ತೊಂದರೆ. ಬೇಲಿಗೆ ಅಡಿಕೆ ದಬ್ಬೆ ಕೊಡಲು ನಮ್ಮಲ್ಲಿ ಯಾರಿಗೂ ಕಷ್ಟವಿಲ್ಲ. ರಜೆಯಲ್ಲಿ ನೀರು ಹಾಕಲು ಹತ್ತಿರದ ಎರಡು ಮನೆ ಒಪ್ಪಿಕೊಳ್ಳಬೇಕು; ಇದನ್ನು ಮೊದಲೇ ಮಾತಾಡದೆ ಆರಂಭಿಸಿದ ಒಂದು ಕಡೆ ಬೇಸಿಗೆಯಲ್ಲಿ ಎಲ್ಲವೂ ಒಣಗಿದ್ದನ್ನು ನೋಡಿದ್ದೇವೆ. ಪ್ರತಿ ಮಗುವಿಗೂ ಒಂದು ಮೊಳ ಜಾಗ, ಅದರ ಸುತ್ತ ನುಗ್ಗೆ, ಬಸಳೆ, ಪಪ್ಪಾಯಿ ಎಲ್ಲರದು. ಫ್ರೊಬೆಲ್ ಹೇಳಿದ ಕ್ರಮವೇ ಇದು.

ಪ್ರತಿ ಮಡಿಯಲ್ಲೂ ಎರಡು ಹರಿವೆ ಗಿಡ, ಒಂದು ಅಲಸಂದೆ ಗಿಡವನ್ನು ಕೊಯ್ಯದೆ ಬೀಜಕ್ಕೆ ಬಿಡಿ. ಕಾಯಿ ಗಿಡದಲ್ಲೇ ಒಣಗಿದ ಮೇಲೆ ಬಿಡಿಸಿ, ಎರಡು ದಿನ ನೆರಳಲ್ಲಿ ಆರಿಸಿ, ಬೂದಿ ಬೆರೆಸಿ ಬಾಟಲಿಗೆ ತುಂಬಬೇಕು. ಸಂಘದ ಕಛೇರಿಯ ಕಿಟಕಿಯ ಬಳಿ ಒಂದು ಡಬ್ಬಿ ಇಟ್ಟಿದ್ದೇವೆ. ಪೊಟ್ಟಣದ ಮೇಲೆ ಬೀಜದ ಹೆಸರು, ಬಿತ್ತಿದ ತಿಂಗಳು, ಬೆಳೆದ ಮಗುವಿನ ಹೆಸರು ಬರೆದು ಅದರಲ್ಲಿ ಹಾಕಿ, ಬೇರೆಯವರ ಪೊಟ್ಟಣ ಒಂದನ್ನು ತೆಗೆದುಕೊಂಡು ಹೋಗಬಹುದು. ಮೊದಲ ಪೊಟ್ಟಣ ನಮ್ಮ ಮೊಮ್ಮಗಳದು, ಕೆಂಪು ಅಲಸಂದೆ, ಹದಿನೇಳು ಕಾಳು. ಅವಳೇ ಎಣಿಸಿ ಕೊಟ್ಟಿದ್ದಾಳೆ.